ನಾಲ್ಕು ಸಂತೆ, ಐದು ದಿನ: ಉತ್ತರ ಕನ್ನಡದ ಜನರ ದಾರಿಯಲ್ಲಿ

ಜಲಪಾತ, ಕಡಲತೀರ ನೋಡಲು ಉತ್ತರ ಕನ್ನಡಕ್ಕೆ ಹೊರಟವರಿಗೆ ಈ ದಾರಿ ಅಷ್ಟೇನೂ ಒಗ್ಗದು. ಇಲ್ಲಿನ ಜನ ಹೇಗೆ ಬದುಕುತ್ತಾರೆ, ಯಾರ ಪಕ್ಕದಲ್ಲಿ ಯಾರಿದ್ದಾರೆ ಎಂದು ತಿಳಿಯಬೇಕಿದ್ದರೆ ವಾರದ ಸಂತೆಗಳ ಬೆನ್ನು ಹತ್ತುವುದು ಒಳ್ಳೆಯದು. ಯಲ್ಲಾಪುರದ್ದು ಭಾನುವಾರ, ಮುಂಡಗೋಡದ್ದು ಸೋಮವಾರ, ಶಿರಸಿಯದ್ದು ಮಂಗಳವಾರ, ಕುಮಟೆಯದ್ದು ಬುಧವಾರ. ಘಟ್ಟದ ಮೇಲಿಂದ ಕಡಲಿಗೆ ಇಳಿಯುವ ರಸ್ತೆಯೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಸಾಗುತ್ತದೆ. ಐದನೇ ದಿನ ಭಟ್ಕಳ.

2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 14.37 ಲಕ್ಷ, ವಿಸ್ತೀರ್ಣ 10 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಅದರ ಬಹುಪಾಲು ಕಾಡು. ಹೀಗಾಗಿ ಆಸ್ಪತ್ರೆ, ಕಾಲೇಜು, ಕಚೇರಿ ಎಲ್ಲಕ್ಕೂ ದೂರ ಹೋಗಬೇಕು. ಇನ್ನೊಂದು ತೊಡಕು ಕಾಗದದ್ದು. ಒಂದೇ ಕಾಡಿನ ಅಂಚಿನಲ್ಲಿ, ಒಂದೇ ಬಗೆಯ ಬದುಕು ನಡೆಸುವ ಇಬ್ಬರಲ್ಲಿ ಒಬ್ಬರ ಕೈಯಲ್ಲಿ ಪರಿಶಿಷ್ಟ ಪಂಗಡದ ಪ್ರಮಾಣಪತ್ರ ಇರುತ್ತದೆ, ಇನ್ನೊಬ್ಬರ ಕೈಯಲ್ಲಿ ಇರುವುದಿಲ್ಲ. ಈ ಎರಡನ್ನೂ ತಲೆಯಲ್ಲಿಟ್ಟುಕೊಂಡು ಹೊರಟರೆ ದಾರಿಯಲ್ಲಿ ಕಾಣುವುದು ಹೆಚ್ಚು ಅರ್ಥವಾಗುತ್ತದೆ.

ಕಾಲ: ಫೆಬ್ರುವರಿ ನಡುವಿನಿಂದ ಮಾರ್ಚ್ ಕೊನೆಯವರೆಗೆ. ಅಕ್ಟೋಬರ್‌ನಿಂದ ಜನವರಿವರೆಗೆ ಮುಂಡಗೋಡದ ಟಿಬೆಟನ್ ಮನೆಗಳಲ್ಲಿ ಅರ್ಧಕ್ಕರ್ಧ ಜನ ಇರುವುದಿಲ್ಲ, ಸ್ವೆಟರ್ ಮಾರಲು ದೂರದ ಊರುಗಳಿಗೆ ಹೋಗಿರುತ್ತಾರೆ. ಜೂನ್ ನಂತರ ಘಟ್ಟದ ರಸ್ತೆಗಳನ್ನು ನಂಬುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಗಿ ಜೀವಹಾನಿಯಾದದ್ದು ನೆನಪಿರಲಿ. ಘಟ್ಟದ ಮೇಲೆ ರೈಲಿನ ಆಸೆ ಬೇಡ. ಹುಬ್ಬಳ್ಳಿ–ಅಂಕೋಲಾ ಮಾರ್ಗ 1990ರ ದಶಕದಿಂದ ಕಾಗದದ ಮೇಲೇ ಓಡುತ್ತಿದೆ. ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸೇ ಗತಿ, ಜನರನ್ನು ನೋಡಲು ಅದಕ್ಕಿಂತ ಒಳ್ಳೆಯ ಜಾಗವೂ ಇಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದ ಹೆಂಗಸರಿಗೆ ಟಿಕೆಟ್ ಉಚಿತ. ಕಾಡಿನ ದಾರಿಯಲ್ಲಿ ಮೊಬೈಲ್ ಸಿಗ್ನಲ್ ಬರುತ್ತದೆ, ಹೋಗುತ್ತದೆ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಕೈಯಲ್ಲಿ ಚಿಲ್ಲರೆ ಇಟ್ಟುಕೊಳ್ಳಿ.

ದಿನ 1, ಭಾನುವಾರ: ಯಲ್ಲಾಪುರ

ಹುಬ್ಬಳ್ಳಿಯಿಂದ ಸುಮಾರು 70 ಕಿಲೋಮೀಟರ್. ಲಾರಿಗಳ ಸಾಲಿಗೆ ಸಿಕ್ಕಿಕೊಂಡರೆ ಎರಡು ಗಂಟೆ ಮೀರುತ್ತದೆ, ಆದ್ದರಿಂದ ಬೆಳಿಗ್ಗೆ ಏಳಕ್ಕೇ ಹೊರಡಬೇಕು. ಕಲಘಟಗಿ ದಾಟಿದ ಮೇಲೆ ಬಯಲು ಮುಗಿದು ಸಾಗವಾನಿ ಶುರುವಾಗುತ್ತದೆ. ಕಿರವತ್ತಿಯ ಸುತ್ತ ಮಣ್ಣಿನ ದಾರಿಗಳು ಒಳಗೆ ಹೋಗುವುದು ಕಾಣುತ್ತದೆ. ಅವುಗಳ ಕೊನೆಯಲ್ಲಿ ಗೌಳಿವಾಡಗಳಿವೆ. ದನಗರ ಗೌಳಿಗಳು ಮಹಾರಾಷ್ಟ್ರದ ಕಡೆಯಿಂದ ಎಮ್ಮೆ ಹೊಡೆದುಕೊಂಡು ಬಂದವರು, ಮನೆಮಾತು ಮರಾಠಿಯ ಒಂದು ಬಗೆ. ಹಾಲು, ತುಪ್ಪ ಪೇಟೆಗೆ, ಗೊಬ್ಬರ ರೈತರಿಗೆ, ಎಮ್ಮೆ ಮೇಯುವುದು ಕಾಡಿನಲ್ಲಿ: ಇದು ಅವರ ಹಳೆಯ ಲೆಕ್ಕ. ಕಾಡಿನಲ್ಲಿ ಮೇಯಿಸುವುದಕ್ಕೆ ನಿರ್ಬಂಧ ಬಿಗಿಯಾದಷ್ಟೂ ಈ ಲೆಕ್ಕ ತಪ್ಪುತ್ತದೆ. ಕೊಟ್ಟಿಗೆಯಲ್ಲೇ ಕಟ್ಟಿ ಸಾಕಬೇಕೆಂದರೆ ಮೇವು ಕೊಳ್ಳಬೇಕು, ಕೊಳ್ಳುವಷ್ಟು ಹಾಲನ್ನು ನಾಟಿ ಎಮ್ಮೆ ಕೊಡುವುದಿಲ್ಲ.

ಸಂತೆಗೆ ರಂಗೇರುವುದು ಹತ್ತರಿಂದ ಒಂದರೊಳಗೆ. ತರಕಾರಿಯ ಸಾಲು ಎಲ್ಲ ಸಂತೆಯಂತೆಯೇ, ಅದನ್ನು ದಾಟಿ ಒಣಮೀನಿನ ಸಾಲಿಗೆ ಹೋಗಿ. ಕರಾವಳಿಯಿಂದ ಬಂದ ಒಣಮೀನನ್ನು ಕೊಳ್ಳುವವರಲ್ಲಿ ಸಿದ್ದಿಯರು, ಮರಾಠಿಗರು, ಕರೆ ಒಕ್ಕಲಿಗರು, ಮುಸಲ್ಮಾನರು ಎಲ್ಲರೂ ಇರುತ್ತಾರೆ. ಮಳೆಗಾಲಕ್ಕೆ ಮೊದಲ ಸಂತೆಗಳಲ್ಲಂತೂ ಮೂರು ತಿಂಗಳ ಸಾಮಾನು ಒಟ್ಟಿಗೇ ಹೋಗುತ್ತದೆ. ಕಿವಿಗೆ ಕನ್ನಡ, ಕೊಂಕಣಿ, ಮರಾಠಿ, ಉರ್ದು ನಾಲ್ಕೂ ಬೀಳುತ್ತವೆ. ಕನ್ನಡ ಎಲ್ಲ ಕಡೆ ನಡೆಯುತ್ತದೆ. ಮೈಬಣ್ಣ ನೋಡಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತು ಶುರುಮಾಡುವವರನ್ನು ಸಿದ್ದಿಯರು ದಿನವೂ ನೋಡುತ್ತಾರೆ. ಅವರೂ ಈ ಊರಿನವರೇ, ಕನ್ನಡದಲ್ಲೇ ಕೇಳಿ.

ಸಿದ್ದಿಯರ ಹಿರಿಯರು ಆಫ್ರಿಕಾದಿಂದ ಬಂದವರು, ಹಲವರು ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದು ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಇವತ್ತು ಒಂದೇ ಸಮುದಾಯದಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಯಲ್ಲಾಪುರ ತಾಲ್ಲೂಕಿನ ಸಾತುಂಬೈಲಿನಲ್ಲಿ ಸಿದ್ದಿನಾಸ್ ದೇವರಿದೆ. ಢಮಾಮಿ ಇವರ ಕುಣಿತ, ಅದೇ ಹೆಸರಿನ ಚರ್ಮವಾದ್ಯ ಅದಕ್ಕೆ ಆಧಾರ. ಈಗ ಹೋಂಸ್ಟೇಗಳಲ್ಲಿ ಅತಿಥಿಗಳ ಊಟಕ್ಕೆ ಮೊದಲು ಅರ್ಧ ಗಂಟೆ ಢಮಾಮಿ ಕುಣಿಸುವ ರೂಢಿ ಬೆಳೆದಿದೆ. ಕುಣಿದವರಿಗೆ ಎಷ್ಟು ಸಂದಾಯವಾಗುತ್ತದೆ ಎಂದು ನೇರ ಕೇಳಿ ತಿಳಿದ ಮೇಲೆಯೇ ಒಪ್ಪಿಕೊಳ್ಳುವುದು ಮೇಲು. ಕೇರಿಗೆ ಹೋದಾಗ ‘ಒಂದು ಸ್ಟೆಪ್ ಹಾಕಿ ತೋರಿಸಿ’ ಎನ್ನುವುದಂತೂ ಅಸಭ್ಯ.

ಕಾಗದದ ವಿಷಯ ಇಲ್ಲಿ ಸ್ಪಷ್ಟವಾಗುತ್ತದೆ. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಯರು 2020ರವರೆಗೆ ಕಾಯಬೇಕಾಯಿತು, ಒಂದೇ ಮನೆತನದ ಅಕ್ಕತಂಗಿಯರು ಜಿಲ್ಲೆಯ ಗಡಿಯ ಆಚೆ ಈಚೆ ಮದುವೆಯಾಗಿದ್ದರೂ ಸರಿಯೇ. 2003ರ ಅದೇ ತಿದ್ದುಪಡಿ ಗೋವೆಯ ಕುಣಬಿಗಳನ್ನೂ ಪಟ್ಟಿಗೆ ಸೇರಿಸಿತು. ಗಡಿಯ ಈಚೆ ಜೋಯಿಡಾದ ಕುಣಬಿಗಳು ಹೊರಗೇ ಉಳಿದರು. ಗೌಳಿಗಳೂ ಪಟ್ಟಿಯ ಹೊರಗೆ.

ಇದರಿಂದ ಆಗುವುದೇನು? 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ಭೂಮಿಯಲ್ಲಿದ್ದೇವೆ ಎಂದು ತೋರಿಸಿದರೆ ಸಾಕು. ಉಳಿದ ಅರಣ್ಯವಾಸಿಗಳು ಆ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಪುರಾವೆ ಕೊಡಬೇಕು. ಎಮ್ಮೆಯ ಹಿಂದೆ ತಿರುಗಿದ ಗೌಳಿಯ ಅಜ್ಜ 1930ರಲ್ಲಿ ಎಲ್ಲಿದ್ದ ಎಂಬುದಕ್ಕೆ ದಾಖಲೆ ಯಾವ ಕಚೇರಿಯಲ್ಲಿ ಹುಡುಕುವುದು? ಅರ್ಜಿಗಳು ಬೀಳುವುದು ಇಲ್ಲಿ. ಹಿರಿಯರ ಹೇಳಿಕೆಯೂ ಪುರಾವೆಯೆಂದು ನಿಯಮದಲ್ಲೇ ಇದೆ, ಗ್ರಾಮಸಭೆಯಲ್ಲಿ ಅದನ್ನು ಸರಿಯಾಗಿ ಬರೆಸದೆ ಬಿಟ್ಟರೆ ಉಪವಿಭಾಗ ಸಮಿತಿಯಲ್ಲಿ ಅರ್ಜಿ ನಿಲ್ಲುವುದಿಲ್ಲ. ಹಕ್ಕುಪತ್ರ ಸಿಕ್ಕವರಿಗೂ ಗರಿಷ್ಠ 4 ಹೆಕ್ಟೇರ್, ಮಕ್ಕಳಿಗೆ ಹೋಗುತ್ತದೆ, ಮಾರುವಂತಿಲ್ಲ.

ರಾತ್ರಿ ಯಲ್ಲಾಪುರದಲ್ಲೇ ತಂಗಿ.

ದಿನ 2, ಸೋಮವಾರ: ಮುಂಡಗೋಡ

ಯಲ್ಲಾಪುರ–ಮುಂಡಗೋಡ ದಾರಿಯ ಆಸುಪಾಸಿನ ಗುಂಜಾವತಿ, ಮೈನಳ್ಳಿ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ (ತುಂಡುಬಟ್ಟೆಯ ಹೊದಿಕೆ) ನೋಡಬಹುದು. ಬಯಲುಸೀಮೆಯ ಕೌದಿಗಿಂತ ಇದರ ಕಟ್ಟುವಿಕೆ ಬೇರೆ. ಅಡಿಗೆ ಹಳೆಯ ಸೀರೆ ಹಾಸಿ, ಒಂದು ಮೂಲೆಯಿಂದ ಹೊಲಿಗೆ ಹಿಡಿದು, ಅಂಚಿನ ಗುಂಟ ಸುತ್ತುತ್ತ ತುಂಡುಬಟ್ಟೆಗಳನ್ನು ಒಂದರ ಮೇಲೊಂದು ಕೂರಿಸುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನಗಳ ‘ಫೂಲ’ ಇಟ್ಟ ಮೇಲೆಯೇ ಕೌದಿ ಮುಗಿದಂತೆ. ಕೊಳ್ಳುವಾಗ ಬೆಳಕಿಗೆ ಹಿಡಿದು ಹೊಲಿಗೆಯ ಸಾಲುಗಳ ನಡುವಿನ ಅಂತರ ನೋಡಿ. ಬೆರಳಗಲಕ್ಕಿಂತ ಹೆಚ್ಚಿದ್ದರೆ ನಾಲ್ಕಾರು ಒಗೆತಕ್ಕೆ ಒಳಪದರ ಮುದ್ದೆಯಾಗುತ್ತದೆ. ಹಳೆಯ ಬಟ್ಟೆಯ ಬಣ್ಣ ಬಿಡುವುದು ಸಾಮಾನ್ಯ, ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಬೇಕು. ದೊಡ್ಡ ಕೌದಿ ಒಬ್ಬರ ಕೈಯಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಚೌಕಾಸಿ ಮಾಡುವ ಮೊದಲು ಅಷ್ಟು ದಿನದ ಕೂಲಿ ಲೆಕ್ಕ ಹಾಕಿದರೆ ಬಾಯಿ ತಾನೇ ಮುಚ್ಚುತ್ತದೆ.

ಮುಂಡಗೋಡದ ಸಂತೆಯಲ್ಲಿ ಕಂದು ಕೆಂಪಿನ ನಿಲುವಂಗಿ ತೊಟ್ಟ ಭಿಕ್ಷುಗಳು ಬದನೆಕಾಯಿ ಆರಿಸುತ್ತ, ಕನ್ನಡದಲ್ಲೇ ದರ ಇಳಿಸಿ ಕೇಳುತ್ತ ನಿಂತಿರುತ್ತಾರೆ. ಪಕ್ಕದಲ್ಲೇ ಲಂಬಾಣಿ ಹೆಂಗಸರು, ಗೌಳಿಗಳು, ಹಾನಗಲ್ ಕಡೆಯ ವ್ಯಾಪಾರಿಗಳು. ಮಧ್ಯಾಹ್ನದ ಹೊತ್ತಿಗೆ ಅಲ್ಲಿಂದ ಆಟೋ ಹಿಡಿದು ಟಿಬೆಟನ್ ಕ್ಯಾಂಪಿಗೆ ಹೋಗಬಹುದು.

ಡೊಗುಲಿಂಗ್ ಟಿಬೆಟನ್ ನೆಲೆ ಶುರುವಾದದ್ದು 1966ರಲ್ಲಿ, ಸುಮಾರು 4000 ಎಕರೆ ಜಾಗದಲ್ಲಿ. ಕ್ಯಾಂಪುಗಳಿಗೆ ಹೆಸರಿಗಿಂತ ಸಂಖ್ಯೆಯೇ ಬಳಕೆ. ಲಾಮಾ ಕ್ಯಾಂಪ್ 1ರಲ್ಲಿ ಗಾಂದೆನ್ ಮಠ, ಲಾಮಾ ಕ್ಯಾಂಪ್ 2ರಲ್ಲಿ ದ್ರೆಪುಂಗ್. ಆಟೋದವರಿಗೆ ಬರೀ ‘ಮಾನೆಸ್ಟರಿ’ ಎಂದರೆ ಯಾವುದಾದರೊಂದರ ಮುಂದೆ ಇಳಿಸಿ ಹೋಗುತ್ತಾರೆ, ಸಂಖ್ಯೆ ಹೇಳಬೇಕು. ಭಾರತೀಯರಿಗೆ ಪರವಾನಗಿ ಬೇಡ. ವಿದೇಶಿ ಗೆಳೆಯರು ಜೊತೆಗಿದ್ದು ಉಳಿಯುವುದಿದ್ದರೆ ಸಂರಕ್ಷಿತ ಪ್ರದೇಶದ ಪರವಾನಗಿಯನ್ನು ತಿಂಗಳುಗಳ ಮೊದಲೇ ಮಾಡಿಸಬೇಕು. ಬಂದ ಮೇಲೆ ಮಾಡಿಸುತ್ತೇವೆ ಎನ್ನುವುದು ನಡೆಯದು.

ದೇಗುಲದೊಳಗೆ ಚಪ್ಪಲಿ ಹೊರಗೆ, ಪ್ರದಕ್ಷಿಣೆ ನಮ್ಮಲ್ಲಿಯಂತೆಯೇ ಬಲಕ್ಕೆ. ಒಳಗೆ ಚಿತ್ರ ತೆಗೆಯುವ ಮುನ್ನ ಕೇಳಬೇಕು. ನೋಡಲೇಬೇಕಾದ್ದು ಅಂಗಳದ ತರ್ಕ: ಒಬ್ಬರು ಕೂತಿರುತ್ತಾರೆ, ಎದುರು ನಿಂತವರು ಪ್ರಶ್ನೆ ಹಾಕಿ ಅಂಗೈ ಬಡಿದು ಕಾಲು ಅಪ್ಪಳಿಸುತ್ತಾರೆ. ಜಗಳವೆಂದು ತಿಳಿದು ದೂರ ಸರಿಯುವವರುಂಟು. ಅದು ಪಾಠ. ಊಟಕ್ಕೆ ಥುಕ್ಪಾ (ನೂಡಲ್ಸ್ ಹಾಕಿದ ಸಾರು), ಮೊಮೊ, ಹಬೆಯಲ್ಲಿ ಬೆಂದ ತಿಂಗ್ಮೊ ಸಿಗುತ್ತವೆ. ಶಾಕಾಹಾರ ಬೇಕಿದ್ದರೆ ಸಾರು ಯಾವುದರದ್ದೆಂದು ಕೇಳಿಯೇ ಬಡಿಸಿಕೊಳ್ಳಿ.

ಕ್ಯಾಂಪಿನ ಹೊಲಗಳಲ್ಲಿ ಗೋವಿನಜೋಳ, ಭತ್ತ. ಕೆಲಸಕ್ಕೆ ಬರುವವರು ಸುತ್ತಲ ಹಳ್ಳಿಯವರು. ಹೊರಗಿನಿಂದ ನೋಡಿದರೆ ರಸ್ತೆ, ಶಾಲೆ, ಮನೆ ಎಲ್ಲ ಅಕ್ಕಪಕ್ಕದ ಹಳ್ಳಿಗಿಂತ ಅಚ್ಚುಕಟ್ಟು, ಆ ಹೊಟ್ಟೆಕಿಚ್ಚು ಮಾತಿನಲ್ಲಿ ಅಲ್ಲಲ್ಲಿ ಇಣುಕುತ್ತದೆ. ಆದರೆ ಜಾಗ ಸರ್ಕಾರದ್ದು, ಗುತ್ತಿಗೆಯದು, ಮಾರುವಂತಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲಿನವರೆಗೆ ಭಾರತದಲ್ಲಿ ಹುಟ್ಟಿದವರು ಕಾನೂನಿನಂತೆ ಇಲ್ಲಿನ ಪ್ರಜೆಗಳೇ. ಅದನ್ನು ಬಳಸಿ ಪಾಸ್‌ಪೋರ್ಟ್ ಮಾಡಿಸಿದರೆ ನಿರಾಶ್ರಿತರ ನೋಂದಣಿ ಪತ್ರ ಬಿಡಬೇಕು, ಅದರ ಜೊತೆ ಬರುವ ಕ್ಯಾಂಪಿನ ಸವಲತ್ತನ್ನೂ. ಹೀಗಾಗಿ ಅಣ್ಣ ಪ್ರಜೆ, ತಮ್ಮ ನಿರಾಶ್ರಿತ ಆಗಿರುವ ಮನೆ ಇರಬಹುದು. ಕಿರಿಯರು ಹೊರದೇಶಕ್ಕೆ ಹೋಗುತ್ತಿದ್ದಾರೆ, ಕ್ಯಾಂಪುಗಳಲ್ಲಿ ಮುದುಕರ ಪಾಲು ಹೆಚ್ಚುತ್ತಿದೆ. ಈ ಮಾತು ನಾಳೆ ಅಡಿಕೆ ತೋಟದ ಮನೆಗಳಲ್ಲೂ ಕೇಳಿಸುತ್ತದೆ.

ಸಂಜೆಯ ಬಸ್ಸಿಗೆ ಶಿರಸಿ.

ದಿನ 3, ಮಂಗಳವಾರ: ಶಿರಸಿ

ಸಂತೆಯನ್ನು ಬೆಳಿಗ್ಗೆ ಒಂದು ಸುತ್ತು ಹಾಕಿ ಮುಗಿಸಿ. ಶಿರಸಿಯ ನಿಜವಾದ ಸಂತೆ ಅಡಿಕೆಯದ್ದು. 1923ರಲ್ಲಿ ಶುರುವಾದ ತೋಟಗಾರರ ಸಹಕಾರಿ ಸಂಘ ಟಿಎಸ್‌ಎಸ್‌ನ ಅಂಗಳದಲ್ಲಿ ಬೆಳೆಗಾರರ ಅಡಿಕೆಗೆ ಲಾಟ್ ಸಂಖ್ಯೆ ಬೀಳುತ್ತದೆ, ವ್ಯಾಪಾರಿಗಳು ಕೈಯಾಡಿಸಿ, ಒಡೆದು ನೋಡಿ ಕ್ವಿಂಟಲ್ ಲೆಕ್ಕದಲ್ಲಿ ದರ ಹಾಕುತ್ತಾರೆ. ದರ ಒಪ್ಪಿಗೆಯಾಗದಿದ್ದರೆ ಬೆಳೆಗಾರ ಮಾರದೆ ಉಳಿಸಿಕೊಳ್ಳಬಹುದು. ಸಣ್ಣ ಹಿಡುವಳಿದಾರನಿಗೆ ನೂರು ವರ್ಷದಿಂದ ಬೆನ್ನೆಲುಬು ಕೊಟ್ಟದ್ದು ಈ ‘ಬೇಡ’ ಎನ್ನುವ ಅವಕಾಶ.

ರಾಶಿ ಎಂದರೆ ಹಣ್ಣಾಗುವ ಮೊದಲೇ ಕೊಯ್ದು, ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಒಗರು ನೀರು) ಬೇಯಿಸಿ ಒಣಗಿಸಿದ ಕೆಂಪಡಿಕೆ. ಚಾಲಿ ಎಂದರೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ 40–45 ದಿನ ಬಿಸಿಲಿಗೆ ಹಾಕಿ ಆಮೇಲೆ ಸುಲಿದದ್ದು. ನಡುವೆ ಒಂದು ಮಳೆ ಬಂದು ತೋಯ್ದರೆ ಚಾಲಿಯ ಒಳಗೆ ಬೂಸ್ಟು ಹಿಡಿದು ದರ ಬಿತ್ತೆಂದೇ ಲೆಕ್ಕ. ಮಳೆಗಾಲದ ವೈರಿ ಕೊಳೆರೋಗ. ಅದಕ್ಕೆ ಶೇ 1ರ ಬೋರ್ಡೋ ದ್ರಾವಣ: 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆಬೇರೆ ಕರಗಿಸಿ ಕೂಡಿಸುವುದು. ಕಬ್ಬಿಣದ ಪಾತ್ರೆ ಸಲ್ಲದು. ಹೊಳೆಯುವ ಚಾಕುವಿನ ಅಲಗು ಅದ್ದಿ ತೆಗೆದಾಗ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಮಳೆಗೆ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು. ತಪ್ಪುವುದು ಎರಡನೆಯದು. ಮಳೆ ಬಿಡುವುದಿಲ್ಲ, ಬಿಟ್ಟ ದಿನ ಊರಿಗೆಲ್ಲ ಒಬ್ಬನೇ ಕೊನೆಗೌಡ. ಒದ್ದೆ ಮರ ಹತ್ತಿ, ಒಂದರಿಂದ ಇನ್ನೊಂದಕ್ಕೆ ಜಿಗಿದು ಕೊನೆ ಇಳಿಸುವ ಆ ಕೆಲಸಕ್ಕೆ ಹೊಸಬರು ಬರುತ್ತಿಲ್ಲ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಕೊಯ್ಯುವುದು, ಮದ್ದು ಹೊಡೆಯುವುದು ಸಾಧ್ಯವಾಗಿದೆ, ಕತ್ತು ನೋಯುತ್ತದೆ ಅಷ್ಟೇ. ಹವ್ಯಕರ ತೋಟಗಳೂ ಹವ್ಯಕರೇತರ ಕೈಗಳೂ ಸೇರಿ ನಡೆದ ಈ ವ್ಯವಸ್ಥೆಯಲ್ಲಿ ತೋಟದವರ ಮಕ್ಕಳು ಬೆಂಗಳೂರಿಗೆ ಹೋದರು, ಕೊನೆಗೌಡನ ಮಕ್ಕಳೂ ಬೇರೆ ಕೆಲಸ ಹಿಡಿದರು. ದೊಡ್ಡ ಜಗಲಿಯ ಮನೆಯಲ್ಲಿ ಇಬ್ಬರೇ ವೃದ್ಧರು, ತುರ್ತು ಬಂದರೆ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್.

ಮಧ್ಯಾಹ್ನ ಯಲ್ಲಾಪುರ ರಸ್ತೆಯಲ್ಲಿ ಸೋಂದಾ ಕಡೆಗೆ. ಒಂದೇ ಸೀಮೆಯಲ್ಲಿ ಮಾಧ್ವರ ವಾದಿರಾಜ ಮಠ, ಅದ್ವೈತದ ಸ್ವರ್ಣವಲ್ಲಿ, ದಿಗಂಬರ ಜೈನರ ಸ್ವಾದಿ ಮಠ. ಮೂರನ್ನೂ ಅರ್ಧ ದಿನದಲ್ಲಿ ನೋಡಬಹುದು, ಕೊನೆಯ ಬಸ್ಸಿನ ಹೊತ್ತು ಕೇಳಿಟ್ಟುಕೊಂಡಿದ್ದರೆ.

ಶಿರಸಿಯಲ್ಲಿ ಕೋಣೆ ಕಾದಿರಿಸುವ ಮೊದಲು ವರ್ಷ ನೋಡಿ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಈಚೆಗೆ 2022, 2024, 2026ರಲ್ಲಿ. ಆ ದಿನಗಳಲ್ಲಿ ಲಾಡ್ಜು ಸಿಗುವುದು ಕನಸು. ಜಾತ್ರೆಯಿಲ್ಲದ ವರ್ಷ ಹೋಳಿಯ ಹಿಂದಿನ ರಾತ್ರಿಗಳಲ್ಲಿ ಬೇಡರ ವೇಷ ಎಂಬ ಜನಪದ ಕುಣಿತ. ಇನ್ನೊಂದು ಎಚ್ಚರಿಕೆ: ಡಿಸೆಂಬರ್‌ನಿಂದ ಮೇವರೆಗೆ ಸಿದ್ದಾಪುರ, ಹೊನ್ನಾವರ ಕಡೆಯ ಕಾಡುಗಳಲ್ಲಿ ಉಣ್ಣಿ (ಉಣುಗು) ಹುಳುವಿನಿಂದ ಮಂಗನ ಕಾಯಿಲೆ ಹರಡುತ್ತದೆ. ಸತ್ತ ಮಂಗ ಕಂಡ ಕಡೆ ಹೋಗಬೇಡಿ, ತರಗೆಲೆಯ ಮೇಲೆ ಕೂರಬೇಡಿ, ಸಂಜೆ ಬಟ್ಟೆ ಬಿಸಿನೀರಿಗೆ ಹಾಕಿ.

ದಿನ 4, ಬುಧವಾರ: ಕುಮಟೆ

ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲಗೊಳಿಸುವ ಕೆಲಸಕ್ಕಾಗಿ ಸಂಚಾರ ಆಗಾಗ ನಿಲ್ಲಿಸಿದ್ದುಂಟು. ಹಿಂದಿನ ದಿನವೇ ಡಿಪೋದಲ್ಲಿ ವಿಚಾರಿಸಿ. ಮುಚ್ಚಿದ್ದರೆ ಸಿದ್ದಾಪುರದ ದೊಡ್ಮನೆ ಘಟ್ಟ ಅಥವಾ ಯಲ್ಲಾಪುರದ ಅರಬೈಲು ಘಟ್ಟ, ಎರಡೂ ಸುತ್ತು. ತೆರೆದಿದ್ದರೆ ಸುಮಾರು 60 ಕಿಲೋಮೀಟರ್, ಬೆಳಿಗ್ಗೆ ಆರೂವರೆಗೆ ಹೊರಟರೆ ಸಂತೆ ತುಂಬುವ ಹೊತ್ತಿಗೆ ಕುಮಟೆ.

ಇಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರು ಬುಟ್ಟಿ ಇಟ್ಟು ಕೂರುತ್ತಾರೆ: ಹರಿವೆ, ಬಸಳೆ, ಬದನೆ, ಗೆಣಸು. ಬೆಳೆಯುವವರೇ ಮಾರುವವರು, ಹಾಗಾಗಿ ಬೇಗ ಮುಗಿಸಿ ಬಸ್ ಹಿಡಿಯುವ ಅವಸರ ಅವರಿಗೆ. ಹಿರಿಯರಲ್ಲಿ ಕೊರಳು ತುಂಬ ಮಣಿಸರ, ರವಿಕೆಯಿಲ್ಲದೆ ಹೆಗಲಿಗೆ ಕಟ್ಟಿದ ಸೀರೆ ಈಗಲೂ ಉಂಟು, ಹರೆಯದವರಲ್ಲಿ ಇಲ್ಲ. ಕ್ಯಾಮೆರಾ ಎತ್ತಿದರೆ ಮುಖ ತಿರುಗಿಸುತ್ತಾರೆ, ತಿರುಗಿಸಿದರೆ ಇಳಿಸಿಬಿಡಿ. ಬೇಸಿಗೆಯಾದರೆ ಅಳ್ವೆಕೋಡಿ, ಮಿರ್ಜಾನ್ ಕಡೆ ಹೆದ್ದಾರಿಯ ಬದಿಗೆ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿ. ಅದನ್ನು ಚೀಲದಲ್ಲಿ ಕಟ್ಟಿಟ್ಟರೆ ಕೊಳೆಯುತ್ತದೆ, ಮನೆಯಲ್ಲೂ ಗಾಳಿಯಾಡುವ ಕಡೆ ತೂಗುಹಾಕಬೇಕು.

ಹಾಲಕ್ಕಿಗಳಿಗೆ ತಮ್ಮದೇ ಆಡಳಿತದ ಏಣಿ ಇದೆ: ಸೀಮೆ (ಹಲವು ಊರುಗಳ ಗುಂಪು), ಊರಗೌಡ, ಅವನ ಸಲಹೆಗಾರ ಬುದವಂತ, ಸುದ್ದಿ ಮುಟ್ಟಿಸುವ ಕೋಲಕಾರ. ಹೋಳಿಯ ಹೊತ್ತಿನ ಸುಗ್ಗಿ ಕುಣಿತದ ತಂಡ ತುರಾಯಿ ಕಟ್ಟಿ ಮನೆಮನೆಗೆ ಹೊರಡುವುದೂ ಈ ಕಟ್ಟಳೆಯಂತೆಯೇ. ಅಂಕೋಲಾ ತಾಲ್ಲೂಕಿನ ಸುಕ್ರಿ ಬೊಮ್ಮಗೌಡ ಹಾಡುಗಳಿಗಾಗಿ, ತುಳಸಿ ಗೌಡ ಗಿಡಗಳಿಗಾಗಿ ಪದ್ಮಶ್ರೀ ಪಡೆದರು. ಇಬ್ಬರೂ ಈಗಿಲ್ಲ. ಎರಡು ಪದ್ಮಶ್ರೀ ಬಂದರೂ ಸಮುದಾಯ ಬಹುಕಾಲದಿಂದ ಕೇಳುತ್ತಿದ್ದ ಪರಿಶಿಷ್ಟ ಪಂಗಡದ ಮಾನ್ಯತೆ ಮಾತ್ರ ಆ ಇಬ್ಬರ ಜೀವಿತಕಾಲದಲ್ಲಿ ಬರಲಿಲ್ಲ.

ಮಧ್ಯಾಹ್ನ ಅಘನಾಶಿನಿಯ ಅಳಿವೆ. 2024ರಲ್ಲಿ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂದು ಘೋಷಿತವಾದದ್ದು. ಹೋಗುವ ಮೊದಲು ಇಳಿತದ ಹೊತ್ತು ತಿಳಿದುಕೊಳ್ಳಬೇಕು. ಭರತದಲ್ಲಿ ಬರೀ ನೀರು ಕಾಣುತ್ತದೆ, ಇಳಿತದಲ್ಲಿ ಕೆಸರಿಗಿಳಿದು ಚಿಪ್ಪು ಆರಿಸುವ ಜನ ಕಾಣುತ್ತಾರೆ. ಮಾಣಿಕಟ್ಟೆಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಮಳೆ ಬಿದ್ದು ನೆಲದ ಉಪ್ಪು ತೊಳೆದ ಮೇಲೆ ಬಿತ್ತನೆ, ಗೊಬ್ಬರ ಬೇಡ, ಕೊಯ್ಲು ಅಕ್ಟೋಬರ್ ಹೊತ್ತಿಗೆ. ಕೊಯ್ದ ಮೇಲೆ ತೂಬಿನ ಹಲಗೆ ತೆಗೆದು ನದಿಯ ನೀರು ಬಿಟ್ಟರೆ ಸಿಗಡಿ, ಮೀನು ತಾವೇ ಬರುತ್ತವೆ, ಅದನ್ನು ಹಿಡಿಯುವ ಹಕ್ಕು ಹರಾಜಾಗುತ್ತದೆ. ಒಡ್ಡು ಒಂದು ಕಡೆ ಒಡೆದರೆ ಇಡೀ ಗಜನಿ ಹೋಯಿತು. ಒಡ್ಡಿನ ದುರಸ್ತಿಗೆ ಎಲ್ಲರೂ ಕೂಡಬೇಕು, ಸಿಗಡಿಯ ಹಣವೇ ಹೆಚ್ಚೆಂದು ಬೇಗ ಉಪ್ಪುನೀರು ಬಿಡಬೇಕೆನ್ನುವವರೂ ಭತ್ತ ಬೇಕೆನ್ನುವವರೂ ಒಂದಾಗದೆ ಪಾಳು ಬಿದ್ದ ಗಜನಿಗಳಿಗೆ ಲೆಕ್ಕವಿಲ್ಲ.

ದಿನ 5, ಗುರುವಾರ: ಹೊನ್ನಾವರ ದಾಟಿ ಭಟ್ಕಳ

ಕೊಂಕಣ ರೈಲು ಇದೆ, ಬಸ್ಸೂ ಇದೆ. ಹೊನ್ನಾವರ ತಾಲ್ಲೂಕಿನ ಗುಣವಂತೆ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಕಟ್ಟಿದ ಇಡಗುಂಜಿ ಯಕ್ಷಗಾನ ಮಂಡಳಿಯ ಊರು. ಆಟ ಇದ್ದರೆ ಇಳಿಯಿರಿ, ಇಲ್ಲದಿದ್ದರೆ ಮುಂದೆ ಹೋಗಿ.

ಭಟ್ಕಳಕ್ಕೆ ಗುರುವಾರವೇ ಸರಿ. ಶುಕ್ರವಾರ ನಮಾಜಿನ ಹೊತ್ತಿಗೆ ಪೇಟೆ ಬಾಗಿಲು ಹಾಕುತ್ತದೆ. ಇಲ್ಲಿನ ನವಾಯತರು ಅರಬ್ ವ್ಯಾಪಾರಿಗಳ ಸಂತತಿ ಎಂದು ಹೇಳಿಕೊಳ್ಳುವವರು. ಮಾತು ಕೊಂಕಣಿಯ ನಂಟಿನ ನವಾಯತಿ, ಬರೆಯುವುದು ಅರಬ್ಬಿ-ಪರ್ಷಿಯನ್ ಲಿಪಿಯಲ್ಲಿ. 1919ರ ಅಂಜುಮನ್ ಸಂಸ್ಥೆ ಸಣ್ಣ ಊರಿಗೆ ಎಂಜಿನಿಯರಿಂಗ್ ಕಾಲೇಜಿನವರೆಗೂ ತಂದುಕೊಟ್ಟಿತು. ಗಲ್ಫಿನ ದುಡಿಮೆಯಿಂದ ಎದ್ದ ದೊಡ್ಡ ಮನೆಗಳಲ್ಲಿ ಹಲವು ವರ್ಷದ ಬಹುಪಾಲು ಬೀಗ ಹಾಕಿರುತ್ತವೆ. ಹಳೆಯ ಓಣಿಗಳಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಜಟ್ಟಪ್ಪ ನಾಯಕನ ಜೈನ ಬಸದಿ. ಕೇತಪೈ ನಾರಾಯಣ ದೇವಸ್ಥಾನದ ಹೊರಗೋಡೆಯ ಕೆತ್ತನೆಗೆ ಬೆಳಗಿನ ಬೆಳಕೇ ಚೆನ್ನ.

1993ರ ಗಲಭೆಯ ಹೆಸರು ಈ ಊರಿಗೆ ಅಂಟಿಕೊಂಡಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅದೇ ಊರಿನಲ್ಲಿ ಚನ್ನಪಟ್ಟಣ ಹನುಮಂತ ದೇವರ ತೇರಿಗೆ ಮುಂಚೆ ದೇವಸ್ಥಾನದವರು ಹಳೆಯ ನವಾಯತ ಮನೆಗಳಿಗೆ ಹೋಗಿ ಆಮಂತ್ರಣ ಕೊಟ್ಟು ಬರುವ ಪದ್ಧತಿಯೂ ನಡೆದುಬಂದಿದೆ. ರಂಜಾನ್ ತಿಂಗಳ ರಾತ್ರಿಪೇಟೆಗೆ ಬಟ್ಟೆ ಕೊಳ್ಳಲು ಎಲ್ಲ ಧರ್ಮದವರೂ ಬರುತ್ತಾರೆ. ಊಟಕ್ಕೆ ಶಾವಿಗೆಯ ಬಿರಿಯಾನಿ ಕೇಳಿ ನೋಡಿ, ಹೋಟೆಲಿಗಿಂತ ಮನೆಗಳಲ್ಲಿ ಹೆಚ್ಚು ಮಾಡುವ ಅಡುಗೆ, ಸಿಕ್ಕರೆ ಅದೃಷ್ಟ.

ಮರಳುವವರು ದಕ್ಷಿಣಕ್ಕೆ ಬೆಳಗಿನ ಮೊದಲ ಬಸ್ಸುಗಳಲ್ಲಿ ಸೀಟಿಗಾಗಿ ಹೊರಡುವ ಅರ್ಧ ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಮಣಿಪಾಲ ಸುಮಾರು 90 ಕಿಲೋಮೀಟರ್. ಚಿಕಿತ್ಸೆಗೆ ಕಾರವಾರದವರು ಗೋವೆಯ ಬಾಂಬೋಳಿಗೆ, ಯಲ್ಲಾಪುರ ಮುಂಡಗೋಡದವರು ಹುಬ್ಬಳ್ಳಿಗೆ ಹೋಗುವಂತೆ ಇಲ್ಲಿಯವರು ಆ ಕಡೆಗೆ. ಜಿಲ್ಲೆಗೊಂದು ಸುಸಜ್ಜಿತ ತುರ್ತು ಆಸ್ಪತ್ರೆ ಬೇಕೆಂದು ಎಲ್ಲ ಜಾತಿಯವರೂ ಒಂದೇ ದನಿಯಲ್ಲಿ ಕೇಳಿದ್ದು 2019ರಲ್ಲೊಮ್ಮೆ, 2022ರಲ್ಲಿ ಇನ್ನೊಮ್ಮೆ. ಬಸ್ಸಿನ ಮುಂದಿನ ಸೀಟುಗಳಲ್ಲಿ ಎಕ್ಸ್‌ರೇ ಲಕೋಟೆ ಹಿಡಿದವರು, ಹಿಂದೆ ಮಂಗಳೂರು ವಿಮಾನ ನಿಲ್ದಾಣಕ್ಕೆ ಹೊರಟ ಹಗ್ಗ ಬಿಗಿದ ಪೆಟ್ಟಿಗೆಗಳು, ಬಾಗಿಲ ಬಳಿ ಒದ್ದೆ ಬಟ್ಟೆ ಹೊದಿಸಿದ ಭಟ್ಕಳ ಮಲ್ಲಿಗೆಯ ಬುಟ್ಟಿ. ಬುಟ್ಟಿಯ ಮೇಲೆ ಚೀಲ ಇಡಬೇಡಿ.